ಎಂಜಿನ್ ಬಿಚ್ಚುವ ಮುನ್ನ ಕಂಪ್ರೆಷನ್ ಪರೀಕ್ಷೆ

ನೀರಾವರಿಯಲ್ಲಿ ವಿದ್ಯುತ್ ಪಂಪುಗಳ ಬಳಕೆ ಹೆಚ್ಚಿದ್ದರೂ, ಕರೆಂಟು ಸಾಲದ ಕಡೆಗಳಲ್ಲಿ ಹಾಗೂ ಹೊಳೆ ಹಳ್ಳಗಳಿಂದ ನೀರೆತ್ತುವಲ್ಲಿ ಡೀಸೆಲ್ ಪಂಪ್‌ಸೆಟ್ಟುಗಳು ಇಂದಿಗೂ ದುಡಿಯುತ್ತಿವೆ. ಇಪ್ಪತ್ತು, ಇಪ್ಪತ್ತೈದು ವರ್ಷ ಉಳುಮೆ ಮಾಡಿದ ಟ್ರ್ಯಾಕ್ಟರುಗಳೂ ಅನೇಕ ಹಳ್ಳಿಗಳಲ್ಲಿವೆ. ಇಂತಹ ಹಳೆಯ ಎಂಜಿನ್ ಬೆಳಿಗ್ಗೆ ಬೇಗ ಚಾಲೂ ಆಗದೆ, ಹೊಗೆ ಹೆಚ್ಚಾಗಿ, ಎಳೆತ ಕಡಿಮೆಯಾದಾಗ ಮೊದಲು ಕೇಳಿಬರುವ ಮಾತೆಂದರೆ "ಬೋರ್ ಹೋಗಿದೆ, ಲೈನರು ಪಿಸ್ಟನ್ನು ಹೊಸದು ಹಾಕಿಸಬೇಕು" ಎಂಬುದು. ಈ ಮಾತು ಕೆಲವು ಸಲ ನಿಜ. ಆದರೆ ಅನೇಕ ಸಲ ದೋಷವಿರುವುದು ವಾಲ್ವಿನಲ್ಲಿ, ಹೆಡ್ ಗ್ಯಾಸ್ಕೆಟ್ಟಿನಲ್ಲಿ ಅಥವಾ ನಾಜಲಿನ ಕೆಳಗಿನ ಒಂದು ತಾಮ್ರದ ವಾಷರಿನಲ್ಲಿ. ಪರೀಕ್ಷಿಸದೆ ಎಂಜಿನ್ನನ್ನು ಬಿಚ್ಚಿದರೆ ಹಣವೂ ಹೋಗುತ್ತದೆ, ಬೆಳೆಗೆ ನೀರು ಕೊಡಬೇಕಾದ ದಿನಗಳೂ ಹೋಗುತ್ತವೆ.

ಬೇಸಿಗೆ ಶೇಂಗಾ ಬೆಳೆಯನ್ನೇ ನೋಡಬಹುದು. ಹೂ ಬಿಡುವಾಗ, ಊಡು ಭೂಮಿಗೆ ಇಳಿಯುವಾಗ ಮತ್ತು ಕಾಯಿ ತುಂಬುವಾಗ ಮಣ್ಣಿನಲ್ಲಿ ತೇವ ತಪ್ಪಬಾರದು. ಆ ಹಂತದಲ್ಲಿ ಎಂಜಿನ್ ಹತ್ತು ದಿನ ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಕುಳಿತರೆ, ಆಮೇಲೆ ಎಷ್ಟು ನೀರು ಹಾಯಿಸಿದರೂ ಹೋದ ಇಳುವರಿ ಪೂರ್ತಿಯಾಗಿ ಬಾರದು. ಆದುದರಿಂದ ಎಂಜಿನ್ನಿನ ಆರೋಗ್ಯವನ್ನು ಹಂಗಾಮಿಗೆ ಮೊದಲೇ ತಿಳಿದುಕೊಳ್ಳುವುದು ಲೇಸು. ಇದಕ್ಕೆ ಸುಲಭವಾದ ಉಪಾಯವೇ ಕಂಪ್ರೆಷನ್ ಪರೀಕ್ಷೆ.

ಕಂಪ್ರೆಷನ್ ಎಂದರೇನು?

ಸೈಕಲ್ ಪಂಪಿನಿಂದ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಗಾಳಿಯನ್ನು ಒತ್ತಿದಷ್ಟೂ ಅದು ಬಿಸಿಯಾಗುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರನು 1893ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಪಡೆದು, 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿಗೆ ಈ ತತ್ವವೇ ಆಧಾರ. ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಹೊತ್ತಿಸಲು ಪ್ಲಗ್ಗಿನ ಕಿಡಿ ಇದೆ. ಡೀಸೆಲ್ ಎಂಜಿನ್ನಿನಲ್ಲಿ ಅದಿಲ್ಲ. ಪಿಸ್ಟನ್ನು ಗಾಳಿಯನ್ನು ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಒತ್ತಿದಾಗ ಗಾಳಿಯ ಶಾಖ 400ರಿಂದ 600 ಡಿಗ್ರಿ ಸೆಲ್ಸಿಯಸ್ಸಿಗೆ ಏರುತ್ತದೆ. ಆಗ ನಾಜಲಿನಿಂದ ಚಿಮ್ಮಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಹೀಗೆ ಡೀಸೆಲ್ ಎಂಜಿನ್ನಿನಲ್ಲಿ ಕಂಪ್ರೆಷನ್ನೇ ಬೆಂಕಿಕಡ್ಡಿ. ಗಾಳಿ ಎಲ್ಲಾದರೂ ಸೋರಿದರೆ ಒತ್ತಡ ಇಳಿಯುತ್ತದೆ, ಒತ್ತಡದೊಂದಿಗೆ ಶಾಖವೂ ಇಳಿಯುತ್ತದೆ. ಎಂಜಿನ್ನನ್ನು ಚಾಲೂ ಮಾಡುವಾಗ ಅದು ನಿಧಾನವಾಗಿ ತಿರುಗುವುದರಿಂದ ಗಾಳಿ ಸೋರಲು ಹೆಚ್ಚು ಸಮಯ ಸಿಗುತ್ತದೆ. ತಣ್ಣಗಿರುವ ಲೋಹವೂ ಶಾಖವನ್ನು ಹೀರಿಕೊಳ್ಳುತ್ತದೆ. ಆದ್ದರಿಂದಲೇ ಕಂಪ್ರೆಷನ್ ಕುಂದಿದ ಎಂಜಿನ್ ಬೆಳಗಿನ ಚಳಿಯಲ್ಲಿ ಬಿಳಿ ಹೊಗೆ ಬಿಟ್ಟು ಸತಾಯಿಸುತ್ತದೆ, ಒಮ್ಮೆ ಬಿಸಿಯಾದ ಮೇಲೆ ಹೇಗೋ ನಡೆಯುತ್ತದೆ.

ಗಾಳಿ ಸೋರುವ ದಾರಿಗಳು ಮುಖ್ಯವಾಗಿ ನಾಲ್ಕು: (1) ರಿಂಗು ಮತ್ತು ಲೈನರಿನ ನಡುವೆ ಕೆಳಕ್ಕೆ, (2) ಸರಿಯಾಗಿ ಕೂರದ ವಾಲ್ವಿನ ಮೂಲಕ, (3) ಹೆಡ್ ಗ್ಯಾಸ್ಕೆಟ್ಟಿನ ಅಥವಾ ಹೆಡ್ಡಿನ ಬಿರುಕಿನ ಮೂಲಕ, (4) ನಾಜಲ್ ಕೂರುವ ಜಾಗದಲ್ಲಿ. ಸೋರುತ್ತಿದೆ ಎಂದು ತಿಳಿದರೆ ಸಾಲದು, ಎಲ್ಲಿ ಸೋರುತ್ತಿದೆ ಎಂಬುದನ್ನೂ ತಿಳಿಯಬೇಕು.

ಪರೀಕ್ಷೆಗೆ ಮೊದಲು ನೋಡಬೇಕಾದುವು

ಚಾಲೂ ಆಗದಿರುವುದಕ್ಕೆಲ್ಲ ಕಂಪ್ರೆಷನ್ನೇ ಕಾರಣವಲ್ಲ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರಬಹುದು, ಫಿಲ್ಟರು ಕಟ್ಟಿರಬಹುದು, ನಾಜಲ್ ಹನಿಯುತ್ತಿರಬಹುದು, ಬ್ಯಾಟರಿ ಸೋತಿರಬಹುದು. ಕಪ್ಪು ಹೊಗೆ ಬಂದರೆ ಮೊದಲು ಏರ್ ಕ್ಲೀನರ್ ನೋಡಬೇಕು, ಎಂಜಿನ್ನಿನ ಮೇಲೆ ಭಾರ ಹೆಚ್ಚಾಗಿದೆಯೇ ನೋಡಬೇಕು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಇವನ್ನೆಲ್ಲ ನೋಡಿದ ಮೇಲೂ ಸಂಶಯ ಉಳಿದರೆ ಕಂಪ್ರೆಷನ್ ಪರೀಕ್ಷೆಗೆ ಕೈಹಾಕಬೇಕು.

ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಎಂಜಿನ್ನನ್ನು ಕೂಡಲೇ ಪರೀಕ್ಷಿಸಬಾರದು. ಅದರ ರಿಂಗುಗಳು ಜಿಡ್ಡಿನಿಂದ ಅಂಟಿಕೊಂಡಿರಬಹುದು, ವಾಲ್ವು ಕೂರುವ ಜಾಗದಲ್ಲಿ ತುಕ್ಕು ಹಿಡಿದಿರಬಹುದು. ಕೆಲವು ಗಂಟೆ ಭಾರದ ಮೇಲೆ ನಡೆಸಿ ಆಮೇಲೆ ಪರೀಕ್ಷಿಸಿದರೆ ನಿಜಸ್ಥಿತಿ ತಿಳಿಯುತ್ತದೆ.

ಪರೀಕ್ಷೆಗೆ ಮುನ್ನ ಟ್ಯಾಪೆಟ್ ಸಂದನ್ನು ಫೀಲರ್ ಗೇಜಿನಿಂದ ಅಳೆಯುವುದು ಅತಿ ಮುಖ್ಯ. ಎಂಜಿನ್ನಿನ ಪುಸ್ತಕದಲ್ಲಿ ಹೇಳಿದಷ್ಟೇ ಸಂದು ಇರಬೇಕು. ಸಂದೇ ಇಲ್ಲದಿದ್ದರೆ ವಾಲ್ವು ಪೂರ್ತಿ ಮುಚ್ಚದೆ ಗಾಳಿ ಸೋರುತ್ತದೆ. ಇಂತಹ ಎಂಜಿನ್ನಿಗೆ ಬೇಕಾದುದು ಒಂದು ಸ್ಪ್ಯಾನರು, ಒಂದು ಸ್ಕ್ರೂ ಡ್ರೈವರು ಮತ್ತು ಕಾಲು ಗಂಟೆಯ ಕೆಲಸ ಮಾತ್ರ.

ಬೇಕಾಗುವ ಸಲಕರಣೆ

ಡೀಸೆಲ್ ಎಂಜಿನ್ನಿಗೆಂದೇ ಮಾಡಿದ ಕಂಪ್ರೆಷನ್ ಗೇಜು ಬೇಕು. ಅದು ಚದರ ಸೆಂಟಿಮೀಟರಿಗೆ ಸುಮಾರು 70 ಕಿಲೋಗ್ರಾಂ, ಅಂದರೆ ಚದರ ಅಂಗುಲಕ್ಕೆ ಸುಮಾರು 1000 ಪೌಂಡ್ ತೋರಿಸುವಂತಿರಬೇಕು. ಪೆಟ್ರೋಲ್ ಕಾರು, ಮೋಟಾರ್ ಸೈಕಲ್‌ಗಳ ಗೇಜು ಸಾಮಾನ್ಯವಾಗಿ 20 ಕಿಲೋಗ್ರಾಮಿನವರೆಗೆ ಮಾತ್ರ ಇರುವುದರಿಂದ ಅದನ್ನು ಡೀಸೆಲ್ ಎಂಜಿನ್ನಿಗೆ ಹಾಕಿದರೆ ಕೆಡುತ್ತದೆ. ಜೊತೆಗೆ, ನಾಜಲ್ ಇರುವ ಜಾಗದಲ್ಲಿ ಕೂರಿಸಿ ಬೋಲ್ಟು ಬಿಗಿಯುವಂತಹ, ಆಯಾ ಎಂಜಿನ್ನಿಗೆ ಹೊಂದುವ ಅಡಾಪ್ಟರ್ ಬೇಕು. ಈ ಸಲಕರಣೆಯನ್ನು ಪ್ರತಿಯೊಬ್ಬ ರೈತರೂ ಕೊಳ್ಳಬೇಕಾಗಿಲ್ಲ. ಊರಿನ ಸಹಕಾರ ಸಂಘದಲ್ಲೋ ಯುವಕ ಸಂಘದಲ್ಲೋ ಒಂದಿದ್ದರೆ ಎಲ್ಲರ ಕೆಲಸಕ್ಕೂ ಆಗುತ್ತದೆ.

ಎಚ್ಚರಿಕೆ: ಗೇಜನ್ನಾಗಲಿ ಬೆರಳನ್ನಾಗಲಿ ನಾಜಲಿನ ರಂಧ್ರಕ್ಕೆ ಒತ್ತಿ ಹಿಡಿದು ಎಂಜಿನ್ ತಿರುಗಿಸಕೂಡದು. 2 ಚದರ ಸೆಂಟಿಮೀಟರಿನ ರಂಧ್ರದ ಮೇಲೆ 28 ಕಿಲೋಗ್ರಾಂ ಒತ್ತಡವೆಂದರೆ 56 ಕಿಲೋಗ್ರಾಂ ತೂಕ ಮೇಲಕ್ಕೆ ನೂಕಿದಂತೆ. ನಾಜಲಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೊಕ್ಕು ಕೈಗೇ ಅಪಾಯ ತರಬಲ್ಲದು. ಹಾಗೇನಾದರೂ ಆದರೆ ಗಾಯ ಚಿಕ್ಕದೆಂದು ಕಡೆಗಣಿಸದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಿರುಗುವ ಗಾಲಿಯ ಹತ್ತಿರ ಪಂಚೆ, ಟವೆಲು ಜೋಲಾಡದಂತೆ ಕಟ್ಟಿಕೊಳ್ಳಬೇಕು.

ಪರೀಕ್ಷೆಯ ಕ್ರಮ

1. ಎಂಜಿನ್ನನ್ನು ಹತ್ತು ಹದಿನೈದು ನಿಮಿಷ ನಡೆಸಿ, ಕೆಲಸದ ಶಾಖಕ್ಕೆ ಬಂದ ಮೇಲೆ ನಿಲ್ಲಿಸಬೇಕು.

2. ನಾಜಲಿನ ಸುತ್ತಲಿನ ಧೂಳು ಮಣ್ಣನ್ನು ಬಿಚ್ಚುವ ಮೊದಲೇ ಒರೆಸಬೇಕು. ಆಮೇಲೆ ಎಲ್ಲ ಸಿಲಿಂಡರುಗಳ ನಾಜಲುಗಳನ್ನೂ ತೆಗೆದು, ಪೈಪುಗಳ ಬಾಯಿಗೆ ಶುಭ್ರವಾದ ಮುಚ್ಚಳ ಹಾಕಬೇಕು. ಹಳೆಯ ತಾಮ್ರದ ವಾಷರು ತಳದಲ್ಲೇ ಉಳಿದಿದೆಯೇ ನೋಡಿ ತೆಗೆಯಬೇಕು.

3. ಡೀಸೆಲ್ ಬಾರದಂತೆ ಸ್ಟಾಪ್ ಗುಂಡಿಯನ್ನು ಎಳೆದಿಡಬೇಕು. ಎಲ್ಲರನ್ನೂ ದೂರ ನಿಲ್ಲಿಸಿ ಎಂಜಿನ್ನನ್ನು ಕೆಲವು ಸುತ್ತು ತಿರುಗಿಸಿದರೆ ಒಳಗಿನ ಮಸಿ ಹೊರಗೆ ಬೀಳುತ್ತದೆ. ಇದನ್ನು ಬಿಟ್ಟರೆ ಮಸಿಯ ಚೂರು ವಾಲ್ವಿನ ಕೆಳಗೆ ಸಿಕ್ಕಿ ಸುಳ್ಳು ಅಳತೆ ಬರಬಹುದು.

4. ಅಡಾಪ್ಟರನ್ನು ಹೊಸ ವಾಷರಿನೊಂದಿಗೆ ಮೊದಲನೆಯ ಸಿಲಿಂಡರಿಗೆ ಬಿಗಿದು, ಸ್ಟಾರ್ಟರಿನಿಂದ ತಿರುಗಿಸಬೇಕು. ಗೇಜಿನ ಮುಳ್ಳು ಮೊದಲ ಒತ್ತಿಗೆ ಎಲ್ಲಿಗೆ ಬಂತು, ಐದಾರು ಒತ್ತುಗಳ ನಂತರ ಎಲ್ಲಿ ನಿಂತಿತು ಎರಡನ್ನೂ ಬರೆದುಕೊಳ್ಳಬೇಕು.

5. ಎಲ್ಲ ಸಿಲಿಂಡರುಗಳಿಗೂ ಒತ್ತುಗಳ ಸಂಖ್ಯೆ ಒಂದೇ ಇರಬೇಕು. ಸ್ಟಾರ್ಟರನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತದೆ, ನಡುವೆ ಬಿಡುವು ಕೊಡಬೇಕು. ಬ್ಯಾಟರಿ ಪೂರ್ತಿ ಚಾರ್ಜಾಗಿರಬೇಕು. ಎಂಜಿನ್ ನಿಧಾನವಾಗಿ ತಿರುಗಿದರೆ ಒಳ್ಳೆಯ ಸಿಲಿಂಡರೂ ಕಡಿಮೆ ತೋರಿಸುತ್ತದೆ.

ಕೈಯಿಂದ ತಿರುಗಿಸುವ ಒಂದೇ ಸಿಲಿಂಡರಿನ ಪಂಪ್‌ಸೆಟ್ಟಿನಲ್ಲಿ ಡಿಕಂಪ್ರೆಷನ್ ಲಿವರನ್ನು ಎತ್ತಿ, ಹ್ಯಾಂಡಲಿನಿಂದ ಚಾಲೂ ಮಾಡುವಷ್ಟೇ ಜೋರಾಗಿ ತಿರುಗಿಸಿ, ಲಿವರನ್ನು ಬಿಡಬೇಕು. ಗಾಲಿಯ ವೇಗದಿಂದಲೇ ಎರಡು ಮೂರು ಒತ್ತುಗಳು ಬೀಳುತ್ತವೆ. ಮೂರು ಸಲ ಮಾಡಿ ಹೆಚ್ಚಿನ ಅಳತೆಯನ್ನು ಬರೆದುಕೊಳ್ಳಬೇಕು.

ಪೆಟ್ರೋಲ್ ಎಂಜಿನ್ನುಗಳ ಪರೀಕ್ಷೆಯೂ ಹೆಚ್ಚುಕಡಿಮೆ ಹೀಗೆಯೇ. ಅಲ್ಲಿ ಗೇಜನ್ನು ಪ್ಲಗ್ಗಿನ ಜಾಗಕ್ಕೆ ಹಾಕಿ, ಕಿಡಿ ಬಾರದಂತೆ ಸಂಪರ್ಕ ತಪ್ಪಿಸಿ, ಥ್ರಾಟಲನ್ನು ಪೂರ್ತಿ ತೆರೆದಿಡಬೇಕು. ಥ್ರಾಟಲ್ ಮುಚ್ಚಿದ್ದರೆ ಒಳಗೆ ಗಾಳಿಯೇ ಬಾರದೆ ಅಳತೆ ತಪ್ಪುತ್ತದೆ.

ಅಳತೆಯನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ಸ್ಟಾರ್ಟರಿನಿಂದ ತಿರುಗಿಸಿದಾಗ ಒಳ್ಳೆಯ ಸ್ಥಿತಿಯಲ್ಲಿರುವ ಡೀಸೆಲ್ ಎಂಜಿನ್ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 25ರಿಂದ 32 ಕಿಲೋಗ್ರಾಂ, ಅಂದರೆ ಚದರ ಅಂಗುಲಕ್ಕೆ 350ರಿಂದ 450 ಪೌಂಡ್ ತೋರಿಸುತ್ತದೆ. ಸರಿಯಾದ ಅಂಕಿಯನ್ನು ಆಯಾ ಎಂಜಿನ್ನಿನ ಪುಸ್ತಕದಲ್ಲಿಯೇ ನೋಡಬೇಕು. ಸಿಲಿಂಡರುಗಳ ನಡುವೆ ಶೇಕಡ 10ರಿಂದ 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ದೋಷವಿದೆ ಎಂದು ತಿಳಿಯಬೇಕು. ಎಲ್ಲವೂ ಸಮನಾಗಿ ಸ್ವಲ್ಪ ಕಡಿಮೆ ಇರುವ ಎಂಜಿನ್ ಇನ್ನೂ ಕೆಲವು ಕಾಲ ದುಡಿಯಬಹುದು. ಒಂದೇ ಸಿಲಿಂಡರು ಬಹಳ ಇಳಿದಿದ್ದರೆ ತಡಮಾಡಬಾರದು.

ಊರಿನ ಎತ್ತರವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಸಮುದ್ರ ಮಟ್ಟದಿಂದ ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಮಂಗಳೂರಿನಲ್ಲಿ 30 ಕಿಲೋಗ್ರಾಂ ತೋರಿಸುವ ಎಂಜಿನ್, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 27 ತೋರಿಸುತ್ತದೆ. ಮಡಿಕೇರಿಯ ಎತ್ತರದಲ್ಲಿ 26ರ ಆಸುಪಾಸಿಗೆ ಬರುತ್ತದೆ. ಇದು ಎಂಜಿನ್ನಿನ ದೋಷವಲ್ಲ. ಕಾಫಿ ಸೀಮೆಯ ರೈತರು ಇದನ್ನು ಮರೆತರೆ ಒಳ್ಳೆಯ ಎಂಜಿನ್ನನ್ನು ಬಿಚ್ಚಿಸಿಯಾರು.

ಮುಳ್ಳು ಏರುವ ರೀತಿಯೂ ಒಂದು ಸುಳಿವು. ಮೊದಲ ಒತ್ತಿಗೆ ಕಡಿಮೆ ತೋರಿಸಿ, ಪ್ರತಿ ಒತ್ತಿಗೂ ಮೆಲ್ಲಗೆ ಏರುತ್ತಾ ಹೋದರೆ ರಿಂಗುಗಳ ಮೇಲೆ ಸಂಶಯ. ಮೊದಲಿನಿಂದಲೂ ಕಡಿಮೆ ಇದ್ದು, ಹೆಚ್ಚು ಏರದೆ ನಿಂತುಬಿಟ್ಟರೆ ವಾಲ್ವಿನ ಮೇಲೆ ಸಂಶಯ. ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಇಳಿದಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ಅಳತೆ ಪುಸ್ತಕದ ಅಂಕಿಗಿಂತಲೂ ಹೆಚ್ಚು ಬಂದರೆ ಅದು ಸಂತೋಷದ ವಿಷಯವಲ್ಲ. ಪಿಸ್ಟನ್ನಿನ ತಲೆಯ ಮೇಲೆ ಮಸಿ ಕಟ್ಟಿರಬಹುದು ಅಥವಾ ಆಯಿಲ್ ಮೇಲೇರುತ್ತಿರಬಹುದು.

ಆಯಿಲ್ ಹಾಕಿ ಮಾಡುವ ಪರೀಕ್ಷೆ

ಸಿಲಿಂಡರಿಗೆ ಒಂದು ಟೀ ಚಮಚ, ಅಂದರೆ ಸುಮಾರು 5 ಮಿಲಿಲೀಟರ್ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುವ ಪದ್ಧತಿಯಿದೆ. ಆಯಿಲ್ ರಿಂಗುಗಳ ಸುತ್ತ ಹರಡಿ ಸೋರಿಕೆಯನ್ನು ತಾತ್ಕಾಲಿಕವಾಗಿ ತಡೆಯುತ್ತದೆ. ಆಗ ಅಳತೆ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವು ಕೆಟ್ಟಿದೆ ಎಂದು ಹೇಳುವುದು ವಾಡಿಕೆ. ಪೆಟ್ರೋಲ್ ಎಂಜಿನ್ನಿಗೆ ಇದು ಬಹುಮಟ್ಟಿಗೆ ಸರಿ. ಡೀಸೆಲ್ ಎಂಜಿನ್ನಿನಲ್ಲಿ ಇಷ್ಟನ್ನೇ ನಂಬಿದರೆ ಮೋಸಹೋಗುವ ಸಂಭವವಿದೆ.

ಇದಕ್ಕೆ ಕಾರಣವನ್ನು ಲೆಕ್ಕದಿಂದ ತಿಳಿಯಬಹುದು. 80 ಮಿ.ಮೀ. ಬೋರು, 110 ಮಿ.ಮೀ. ಸ್ಟ್ರೋಕಿನ 5 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಪಿಸ್ಟನ್ನು ಒಮ್ಮೆ ಚಲಿಸುವ ಜಾಗ ಸುಮಾರು 553 ಘನ ಸೆಂಟಿಮೀಟರ್. ಕಂಪ್ರೆಷನ್ ಪ್ರಮಾಣ 16.5 ಇದ್ದರೆ, ಪಿಸ್ಟನ್ನು ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 36 ಘನ ಸೆಂಟಿಮೀಟರ್ ಮಾತ್ರ. ಅದರಲ್ಲಿ 5ನ್ನು ಆಯಿಲ್ ಆಕ್ರಮಿಸಿದರೆ ಕಂಪ್ರೆಷನ್ ಪ್ರಮಾಣವೇ ಸುಮಾರು 19ಕ್ಕೆ ಏರುತ್ತದೆ. ರಿಂಗು ಹೊಸದಾಗಿದ್ದರೂ ಗೇಜಿನ ಮುಳ್ಳು ಇದೊಂದೇ ಕಾರಣದಿಂದ ಏರುತ್ತದೆ. ಅದನ್ನು ಕಂಡು "ಅಳತೆ ಏರಿತು, ಬೋರ್ ಹೋಗಿದೆ" ಎಂದು ತೀರ್ಮಾನಿಸುವುದು ತಪ್ಪು.

ಆದುದರಿಂದ ಒಳ್ಳೆಯ ಸಿಲಿಂಡರು, ಕೆಟ್ಟ ಸಿಲಿಂಡರು ಎನ್ನದೆ ಎಲ್ಲಕ್ಕೂ ಅಷ್ಟೇ ಆಯಿಲ್ ಹಾಕಿ, ಏರಿಕೆಯನ್ನು ಹೋಲಿಸಬೇಕು. ಮೂರು ಸಿಲಿಂಡರಿನ ಟ್ರ್ಯಾಕ್ಟರಿನಲ್ಲಿ ಮೊದಲು 28, 28, 20 ಬಂದು, ಆಯಿಲ್ ಹಾಕಿದ ಮೇಲೆ 32, 32, 23 ಬಂದಿತೆನ್ನೋಣ. ಮೂರನೆಯದೂ ಉಳಿದವುಗಳಷ್ಟೇ ಪ್ರಮಾಣದಲ್ಲಿ ಏರಿದೆ. ಇಲ್ಲಿ ರಿಂಗಿನ ತಪ್ಪಿಲ್ಲ, ವಾಲ್ವನ್ನೋ ಗ್ಯಾಸ್ಕೆಟ್ಟನ್ನೋ ನೋಡಬೇಕು. ಅದೇ ಮೂರನೆಯದು 20ರಿಂದ 30ಕ್ಕೆ ಹಾರಿದ್ದರೆ ರಿಂಗು, ಲೈನರಿನ ಸವೆತ ಖಂಡಿತ. ಒಂದು ಚಮಚಕ್ಕಿಂತ ಹೆಚ್ಚು ಆಯಿಲ್ ಹಾಕಕೂಡದು. ದ್ರವ ಒತ್ತಿಗೆ ಕುಗ್ಗುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ.

ಗಾಳಿ ಬಿಟ್ಟು ಆಲಿಸುವ ಪರೀಕ್ಷೆ

ಸೋರಿಕೆಯ ಜಾಗವನ್ನು ಕಿವಿಯಿಂದಲೇ ಪತ್ತೆಮಾಡಬಹುದು. ಪಿಸ್ಟನ್ನನ್ನು ಕಂಪ್ರೆಷನ್ ಒತ್ತಿನ ತುತ್ತತುದಿಗೆ ತಂದು, ಎರಡೂ ವಾಲ್ವುಗಳು ಮುಚ್ಚಿರುವುದನ್ನು ಖಚಿತಪಡಿಸಿಕೊಂಡು, ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನಿಂದ 2ರಿಂದ 3 ಕಿಲೋಗ್ರಾಂ ಒತ್ತಡದ ಗಾಳಿಯನ್ನು ನಾಜಲಿನ ರಂಧ್ರದ ಮೂಲಕ ಬಿಡಬೇಕು. ಗಾಳಿ ಬಿಡುವ ಮುನ್ನ ಹ್ಯಾಂಡಲನ್ನು ಕಡ್ಡಾಯವಾಗಿ ತೆಗೆದಿರಬೇಕು. 80 ಮಿ.ಮೀ. ಬೋರಿನ ಪಿಸ್ಟನ್ನಿನ ಮೇಲೆ 3 ಕಿಲೋಗ್ರಾಂ ಒತ್ತಡವೆಂದರೆ 150 ಕಿಲೋಗ್ರಾಂ ತೂಕ. ಪಿಸ್ಟನ್ನು ತುಸು ಆಚೀಚೆ ಇದ್ದರೂ ಗಾಲಿ ತಿರುಗಿಬಿಡುತ್ತದೆ. ಹತ್ತಿರ ಯಾರೂ ನಿಲ್ಲಬಾರದು.

ಬಳಿಕ ಕಿವಿಗೊಟ್ಟು ಕೇಳಬೇಕು:

ಏರ್ ಕ್ಲೀನರಿನಲ್ಲಿ ಬುಸ್ಸೆಂಬ ಸದ್ದು ಬಂದರೆ ಗಾಳಿ ಒಳಬರುವ ವಾಲ್ವು ಸೋರುತ್ತಿದೆ.
ಸೈಲೆನ್ಸರಿನಲ್ಲಿ ಸದ್ದು ಬಂದರೆ ಹೊಗೆ ಹೋಗುವ ವಾಲ್ವು ಸೋರುತ್ತಿದೆ.
ಆಯಿಲ್ ಹಾಕುವ ಬಾಯಿಯಲ್ಲಿ ಅಥವಾ ಬ್ರೀದರಿನಲ್ಲಿ ಜೋರಾಗಿ ಬಂದರೆ ರಿಂಗುಗಳ ಸೋರಿಕೆ. ಅಲ್ಪ ಸದ್ದು ಒಳ್ಳೆಯ ಎಂಜಿನ್ನಿನಲ್ಲಿಯೂ ಇರುತ್ತದೆ.
ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕು.

ಗೇಜೂ ಕಂಪ್ರೆಸರೂ ಸಿಗದ ಹಳ್ಳಿಯಲ್ಲಿ ಒಂದೇ ಸಿಲಿಂಡರಿನ ಪಂಪ್‌ಸೆಟ್ಟನ್ನು ಸ್ಥೂಲವಾಗಿ ಪರೀಕ್ಷಿಸಬಹುದು. ಡೀಸೆಲ್ ಬಂದ್ ಮಾಡಿ, ಹ್ಯಾಂಡಲ್ ತೆಗೆದು, ಡಿಕಂಪ್ರೆಷನ್ ಲಿವರನ್ನು ಇಳಿಸಿ, ಗಾಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಕಂಪ್ರೆಷನ್ ಒತ್ತಿನಲ್ಲಿ ಗಾಲಿ ಬಿಗಿಯಾಗಿ ನಿಂತು, ಬಿಟ್ಟರೆ ಸ್ಪ್ರಿಂಗಿನಂತೆ ಹಿಂದಕ್ಕೆ ಪುಟಿಯಬೇಕು. ಬುಸುಗುಡುತ್ತಾ ಮೆಲ್ಲಗೆ ದಾಟಿಹೋದರೆ ಕಂಪ್ರೆಷನ್ ಇಲ್ಲವೆಂದು ತಿಳಿಯಬೇಕು. ನಾಜಲಿನ ಬುಡಕ್ಕೂ ಹೆಡ್ಡಿನ ಅಂಚಿಗೂ ಸೋಪಿನ ನೀರು ಸವರಿದ್ದರೆ ಅಲ್ಲಿನ ಸೋರಿಕೆ ನೊರೆಯಿಂದ ಗೊತ್ತಾಗುತ್ತದೆ.

ರಿಪೇರಿಯ ಅನುಕ್ರಮ

ಕಡಿಮೆ ಖರ್ಚಿನ ಕೆಲಸ ಮೊದಲು, ಹೆಚ್ಚಿನದು ಕೊನೆಗೆ ಎಂಬುದು ನಿಯಮವಾಗಬೇಕು. ಟ್ಯಾಪೆಟ್ ಸಂದು ಮತ್ತು ನಾಜಲಿನ ವಾಷರನ್ನು ಸರಿಪಡಿಸಿ ಮತ್ತೆ ಅಳೆಯಬೇಕು. ದೋಷ ಉಳಿದರೆ ಹೆಡ್ ಮಾತ್ರ ಬಿಚ್ಚಿ ಗ್ಯಾಸ್ಕೆಟ್ಟನ್ನೂ ವಾಲ್ವುಗಳನ್ನೂ ನೋಡಬೇಕು. ವಾಲ್ವುಗಳು ಮುಚ್ಚಿರುವಾಗ ಹೆಡ್ಡಿನ ಗಾಳಿದಾರಿಯೊಳಗೆ ಸೀಮೆಎಣ್ಣೆ ಅಥವಾ ಡೀಸೆಲ್ ಸುರಿದರೆ, ಕೆಟ್ಟ ವಾಲ್ವಿನ ಅಂಚಿನಲ್ಲಿ ಅದು ಜಿನುಗುತ್ತದೆ. ಅಂತಹ ವಾಲ್ವನ್ನು ಗ್ರೈಂಡಿಂಗ್ ಮಾಡಿಸಿದರೆ ಸಾಮಾನ್ಯವಾಗಿ ಸಾಕು.

ಪರೀಕ್ಷೆಯಲ್ಲಿ ರಿಂಗಿನ ದೋಷವೇ ಸಿದ್ಧವಾದರೆ ಪಿಸ್ಟನ್ನನ್ನು ಹೊರಗೆ ತೆಗೆಯಲೇಬೇಕು. ಆಗಲೂ ಲೈನರಿನ ಸವೆತವನ್ನು ಅಳೆಯದೆ ಹೊಸ ಲೈನರು ಕೊಳ್ಳಬಾರದು. ಮೇಲಿನ ರಿಂಗು ಓಡಾಡುವ ಜಾಗದಲ್ಲಿ ಸವೆತ ಹೆಚ್ಚಾಗಿರುವುದರಿಂದ ಅಲ್ಲಿ ಅಳೆಸಬೇಕು. ಸವೆತ ಪುಸ್ತಕದ ಮಿತಿಯೊಳಗಿದ್ದರೆ ಹೊಸ ರಿಂಗುಗಳಿಂದಲೇ ಕೆಲಸ ನಡೆಯುತ್ತದೆ. ಹೊಸ ರಿಂಗನ್ನು ಲೈನರಿನೊಳಗೆ ಕೂರಿಸಿ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಿಯೇ ಜೋಡಿಸಬೇಕು.

ಸವೆತಕ್ಕೆ ಮೂಲ ಧೂಳು. ಒಕ್ಕಣೆಯ ಕಣದಲ್ಲಿ, ಒಣಭೂಮಿಯ ಉಳುಮೆಯಲ್ಲಿ ಏರ್ ಕ್ಲೀನರಿನ ಮೂಲಕ ನುಸುಳಿದ ಧೂಳು ಆಯಿಲಿನೊಂದಿಗೆ ಸೇರಿ ಉಜ್ಜುಪುಡಿಯಂತೆ ಲೈನರನ್ನು ತಿನ್ನುತ್ತದೆ. ಆಯಿಲ್ ತುಂಬಿದ ಏರ್ ಕ್ಲೀನರನ್ನು ಧೂಳಿನ ಕೆಲಸವಿರುವಾಗ ದಿನವೂ ನೋಡಿ, ಕೆಸರು ಕಟ್ಟಿದ ಆಯಿಲನ್ನು ಬದಲಿಸಬೇಕು. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯಲ್ಲಿ ಸೀಳು ಇರಬಾರದು.

ದಾಖಲೆ ಇಡುವುದು

ಒಂದು ಸಲದ ಅಳತೆಗಿಂತ ವರ್ಷ ವರ್ಷದ ಅಳತೆ ಹೆಚ್ಚು ಪ್ರಯೋಜನಕಾರಿ. ಎಂಜಿನ್ ಹೊಸದಿದ್ದಾಗ ಅಥವಾ ರಿಪೇರಿಯಾದ ಕೂಡಲೇ ಒಮ್ಮೆ ಅಳೆದು, ಆಮೇಲೆ ಪ್ರತಿ ವರ್ಷ ಹಂಗಾಮಿಗೆ ಒಂದು ತಿಂಗಳು ಮೊದಲು ಅಳೆಯಬೇಕು. ಮುಂಗಾರು ಉಳುಮೆಯ ಟ್ರ್ಯಾಕ್ಟರಿಗೆ ಯುಗಾದಿಯ ಆಸುಪಾಸು, ಬೇಸಿಗೆ ಬೆಳೆಯ ಪಂಪ್‌ಸೆಟ್ಟಿಗೆ ಡಿಸೆಂಬರ್ ತಿಂಗಳು ತಕ್ಕ ಕಾಲ. ತಾರೀಖು, ಎಂಜಿನ್ ನಡೆದ ಗಂಟೆಗಳು, ಪ್ರತಿ ಸಿಲಿಂಡರಿನ ಅಳತೆ, ಬಿಸಿಯಲ್ಲಿ ಅಳೆದದ್ದೋ ತಣ್ಣಗಿರುವಾಗಲೋ ಎಂಬುದು, ಬದಲಿಸಿದ ಭಾಗಗಳು ಇವಿಷ್ಟನ್ನೂ ನೋಟ್ ಪುಸ್ತಕದಲ್ಲಿ ಬರೆದಿಡಬೇಕು. ವಿಸ್ತರಣಾ ಕಾರ್ಯಕರ್ತರು ಊರಿಗೊಂದು ದಿನ ಗೊತ್ತುಮಾಡಿ, ನುರಿತ ಮೆಕ್ಯಾನಿಕ್ಕಿನ ನೆರವಿನಿಂದ ಈ ಪರೀಕ್ಷೆಯನ್ನು ಮಾಡಿ ತೋರಿಸಿದರೆ ಅನೇಕ ರೈತರಿಗೆ ಅನಾವಶ್ಯಕ ಖರ್ಚು ತಪ್ಪುತ್ತದೆ. ಮೆಕ್ಯಾನಿಕ್ಕಿನ ಮುಂದೆ ಈ ಪುಸ್ತಕವನ್ನಿಟ್ಟು ಮಾತನಾಡುವ ರೈತರು, ಯಾವ ಭಾಗವನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಬೇಕಾಗಿಲ್ಲ ಎಂಬುದನ್ನು ತಾವೇ ತೀರ್ಮಾನಿಸಬಲ್ಲರು.